ಕರಡು ಕಳಿಸಿದೆ, 'ಚೆನ್ನಾಗಿದೆ' ಅಂದರು

ಬ್ಯಾಕಪ್‌ನಿಂದ ಡೇಟಾಬೇಸ್ ವಾಪಸ್ ತರುವುದು ಹೇಗೆ ಅಂತ ಒಂದು ಕೈಪಿಡಿ ಬರೆದಿದ್ದೆ. ಹನ್ನೆರಡು ಪುಟ. ವರ್ಡ್ ಫೈಲ್ ಮಾಡಿ ಆರು ಜನಕ್ಕೆ ಮೇಲ್ ಹಾಕಿದೆ: 'ದಯವಿಟ್ಟು ನೋಡಿ ಹೇಳಿ.' ವಾರ ಕಳೆದರೂ ನಾಲ್ಕು ಜನರ ಸದ್ದಿಲ್ಲ. ಒಬ್ಬರು 'ಚೆನ್ನಾಗಿದೆ' ಅಂದರು. ಇನ್ನೊಬ್ಬರು ಎರಡು ಅಲ್ಪವಿರಾಮ ತಿದ್ದಿದರು, ಅದೂ ಹಳೇ ಪ್ರತಿಯಲ್ಲಿ. ಅಷ್ಟರಲ್ಲಿ ನಾನು ಇನ್ನೊಂದು ಕಳಿಸಿಯಾಗಿತ್ತು.

ಏಳನೇ ಹಂತದ ಕಮಾಂಡ್‌ನಲ್ಲಿ ಟೆಸ್ಟ್ ಡೇಟಾಬೇಸ್ ಹೆಸರು ಇರಬೇಕಿತ್ತು. ನಾನು ಬರೆದಿದ್ದು ಪ್ರೊಡಕ್ಷನ್, ಅಂದರೆ ನಿಜವಾಗಿ ಬಳಕೆಯಲ್ಲಿರುವ ಡೇಟಾಬೇಸ್ ಹೆಸರು! ಯಾರಾದರೂ ಹಾಗೇ ಕಾಪಿ ಮಾಡಿ ಓಡಿಸಿದ್ದರೆ ಮುಗೀತು. ಆರು ಜನರಲ್ಲಿ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಬೇರೇನೋ ಹುಡುಕುವಾಗ ನನಗೇ ಸಿಕ್ಕಿತು.

ಮೊದಲು ಅವರ ಮೇಲೆ ಸಿಟ್ಟು ಬಂತು. ಆಮೇಲೆ ನಾನು ಕಳಿಸಿದ ಮೇಲನ್ನು ಮತ್ತೆ ಓದಿದೆ. 'ನೋಡಿ ಹೇಳಿ' ಅಂದರೆ ಏನು ನೋಡಬೇಕು? ಕಾಗುಣಿತನಾ, ಕಮಾಂಡಾ? ಜೊತೆಗೆ ಪರಿವಿಡಿ, ಬಣ್ಣದ ತಲೆಬರಹ ಎಲ್ಲ ಹಾಕಿ ಸಿಂಗಾರ ಮಾಡಿದ್ದೆ. ಮುಗಿದ ಹಾಗೆ ಕಾಣುವ ಕೆಲಸಕ್ಕೆ ಕೈ ಹಾಕೋಕೆ ಯಾರಿಗೂ ಮನಸ್ಸು ಬರೋದಿಲ್ಲ.

ಈಗ ಅರ್ಧ ಬೆಂದಾಗಲೇ ಕಳಿಸುತ್ತೇನೆ. ಖಚಿತವಿಲ್ಲದ ಕಡೆ 'ಇಲ್ಲಿ ನನಗೆ ಅನುಮಾನ' ಅಂತ ಹಳದಿಯಲ್ಲಿ ಬರೆದಿರುತ್ತೇನೆ. ಜನ ಮೊದಲು ಕೈ ಇಡೋದೇ ಅಲ್ಲಿ. ಎಲ್ಲರಿಗೂ ಒಂದೇ ಮೇಲ್ ಹಾಕುವುದನ್ನು ಬಿಟ್ಟೆ. ಡೇಟಾಬೇಸ್ ನೋಡಿಕೊಳ್ಳುವವರಿಗೆ '5ರಿಂದ 9ನೇ ಹಂತದ ಕಮಾಂಡ್ ಸರಿಯಿದೆಯಾ?', ಸೆಕ್ಯುರಿಟಿಯವರಿಗೆ 'ಪಾಸ್‌ವರ್ಡ್ ಇಡುವ ಜಾಗ ಸರಿಯಿದೆಯಾ?' ಒಬ್ಬರಿಗೆ ಒಂದೇ ಪ್ರಶ್ನೆ, ಒಂದು ದಿನಾಂಕ. ಆರು ಜನ ಬೇಕಾಗಿಲ್ಲ, ಮೂರು ಸಾಕು.

ಫೈಲ್ ಕಳಿಸುವುದೂ ನಿಂತಿದೆ, ಲಿಂಕ್ ಮಾತ್ರ. ಕೋಡ್ ಗೊತ್ತಿಲ್ಲದವರಿದ್ದರೆ ಗೂಗಲ್ ಡಾಕ್ಸ್. ಅಲ್ಲಿ ಎಡಿಟ್ ಅನುಮತಿ ಕೊಡುವುದಿಲ್ಲ, ಕಾಮೆಂಟ್ ಅನುಮತಿ ಮಾತ್ರ. ಹಿಂದೊಮ್ಮೆ ಒಬ್ಬರು ನೇರವಾಗಿ ತಿದ್ದಿ, ಏನು ಬದಲಾಯಿತು ಅಂತ ಹುಡುಕೋಕೆ ಅರ್ಧ ದಿನ ಹೋಗಿತ್ತು. ಡೆವಲಪರ್‌ಗಳೇ ಇದ್ದರೆ ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳಿಂದ ವಿನ್ಯಾಸ ಹೇಳುವ ಪಠ್ಯ) ಬರೆದು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ತೆರೆಯುತ್ತೇನೆ, ಅಂದರೆ 'ಈ ಬದಲಾವಣೆ ಇನ್ನೂ ಕರಡು, ನೋಡಿ' ಅನ್ನುವ ಕೋರಿಕೆ. 'ರೆಡಿ' ಅಂತ ಗುರುತು ಹಾಕುವ ತನಕ ಅದನ್ನು ಯಾರೂ ಮರ್ಜ್ ಮಾಡೋಕೆ, ಅಂದರೆ ಮೂಲ ಪ್ರತಿಗೆ ಸೇರಿಸೋಕೆ ಆಗುವುದಿಲ್ಲ.

ಇಲ್ಲೊಂದು ಸಣ್ಣ ಅಭ್ಯಾಸ ತುಂಬಾ ಕೈ ಹಿಡಿಯಿತು: ಒಂದು ವಾಕ್ಯಕ್ಕೆ ಒಂದು ಸಾಲು. ಗಿಟ್‌ಹಬ್‌ನ ಹಿಂದೆ ಬದಲಾವಣೆಗಳ ಲೆಕ್ಕ ಇಡುವ ಗಿಟ್, ಹಳೇ ಪ್ರತಿ ಹೊಸ ಪ್ರತಿಯನ್ನು ಸಾಲು ಸಾಲಾಗಿ ಹೋಲಿಸುತ್ತದೆ. ಇಡೀ ಪ್ಯಾರಾ ಒಂದೇ ಸಾಲಿನಲ್ಲಿದ್ದರೆ ಒಂದು ಪದ ತಿದ್ದಿದರೂ ಪ್ಯಾರಾ ಪೂರ್ತಿ ಬದಲಾದ ಹಾಗೆ ತೋರಿಸುತ್ತದೆ. ವಾಕ್ಯಕ್ಕೊಂದು ಸಾಲಾದರೆ ಕಾಮೆಂಟ್ ಕೂಡ ಸರಿಯಾಗಿ ಆ ವಾಕ್ಯದ ಮೇಲೇ ಕೂರುತ್ತದೆ. ಓದುವವರಿಗೆ ಕಾಣುವ ಪುಟದಲ್ಲಿ ಸಾಲುಗಳೆಲ್ಲ ಸೇರಿ ಮಾಮೂಲಿ ಪ್ಯಾರಾ ಆಗುತ್ತವೆ.

ಇನ್ನೊಂದು ಅಭ್ಯಾಸವನ್ನು ಇಂಟರ್ನೆಟ್‌ನ ತಾಂತ್ರಿಕ ಮಾನದಂಡ ರೂಪಿಸುವ ಐಇಟಿಎಫ್‌ನವರಿಂದ ಕದ್ದೆ. ಅವರ ಇಂಟರ್ನೆಟ್ ಡ್ರಾಫ್ಟ್‌ಗಳಿಗೆ ಹೆಚ್ಚೆಂದರೆ 6 ತಿಂಗಳು ಆಯಸ್ಸು, ಅದು ದಾಖಲೆಯ ಮೇಲೇ ಬರೆದಿರುತ್ತದೆ. ನಾನೂ ಮೊದಲ ಸಾಲಿನಲ್ಲೇ 'ಕರಡು, ಇಂಥ ದಿನದ ನಂತರ ನಂಬಬೇಡಿ' ಅಂತ ಹಾಕುತ್ತೇನೆ. ಇಲ್ಲದಿದ್ದರೆ ಕರಡು ಲಿಂಕ್ ಯಾರದೋ ಚಾಟ್‌ನಲ್ಲಿ ಉಳಿದು, ವರ್ಷದ ಮೇಲೆ ಅದೇ ಅಂತಿಮ ಅಂತ ಓಡಾಡುತ್ತಿರುತ್ತದೆ.

ಇಷ್ಟಾದರೂ ಓದಿ ಸಿಗದ ತಪ್ಪುಗಳಿರುತ್ತವೆ. ಅದೇ ಕೈಪಿಡಿ ತಿದ್ದಿದ ಮೇಲೆ, ಹೊಸದಾಗಿ ಸೇರಿದ ಹುಡುಗನಿಗೆ ಏನೂ ಇನ್‌ಸ್ಟಾಲ್ ಮಾಡಿರದ ಮೆಷಿನ್ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತೆ. ಬಾಯಿ ಬಿಡಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ, ಅದೇ ಕಷ್ಟದ ಕೆಲಸ. ಮೂರು ಹಂತ ಸಲೀಸಾಗಿ ಮುಗಿಸಿದ. ನಾಲ್ಕನೆಯದರಲ್ಲಿ ನಿಂತ. ಮೇಲೆ ಓದಿದ, ಕೆಳಗೆ ಓದಿದ.

'ಮೇಡಂ, ಈ ಕಾನ್ಫಿಗ್ ಫೈಲ್ ನನ್ನ ಹತ್ರ ಇಲ್ವಲ್ಲ?'

ಆ ಫೈಲ್ ಇದ್ದದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ.