‘ನೀ ಸುಮ್ಕಿರು, ನಮಗ ಕಾಣ್ತದ’

ಕ್ರಿಸ್‌ಮಸ್ ದಿನ ಸಂಜೆ ನಮ್ಮ ಟೆರೇಸ್ ಮೇಲೆ ನಗೆ ಸಿನಿಮಾ ಹಾಕಲು ಶುರು ಮಾಡಿ ಏಳು ವರ್ಷ ಆಯಿತು. ಮನೆ ಇರುವುದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಓಣಿಯಲ್ಲಿ ಚರ್ಚಿಗೆ ಹೋಗುವ ಮನೆಗಳು ಐದಾರು ಇರಬಹುದು. ಉಳಿದಂತೆ ಎಲ್ಲ ಜಾತಿ ಮಂದಿಯೂ ಇದ್ದಾರೆ, ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರೂ ಇದ್ದಾರೆ. ಸಿನಿಮಾಕ್ಕೆ ಎಲ್ಲರೂ ಬರುತ್ತಾರೆ.

ಶುರುವಾಗಿದ್ದು ನಮ್ಮ ಅಜ್ಜಿಯ ಒಂದು ಮಾತಿನಿಂದ. ಅಜ್ಜಿ ಬೆಟಗೇರಿಯವರು. ಗದಗ-ಬೆಟಗೇರಿ ಕಡೆಯ ಹಳೇ ಬಾಸೆಲ್ ಮಿಷನ್ ಮನೆತನ. 24ರ ರಾತ್ರಿ ಆರಾಧನೆ, 25ರ ಬೆಳಿಗ್ಗೆ ಮತ್ತೆ ಚರ್ಚು, ಮಧ್ಯಾಹ್ನ ಊಟ, ಬಂದು ಹೋಗುವವರಿಗೆ ಕೇಕು, ಕರ್ಚಿಕಾಯಿ, ಚಕ್ಕುಲಿ. ನಾಲ್ಕು ಗಂಟೆಗೆ ಎಲ್ಲ ಮುಗಿಯುತ್ತದೆ. ಆಮೇಲೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ‘ಹಬ್ಬದ ಸಂಜಿ ಇಷ್ಟು ಖಾಲಿ ಇರಬಾರದವ್ವಾ’ ಅಂದರು ಅಜ್ಜಿ. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮೊದಲ ವರ್ಷ ನಾನು ಆರಿಸಿದ ಸಿನಿಮಾ ತಪ್ಪಾಯಿತು. ‘ಕ್ರಿಸ್‌ಮಸ್ ವೆಕೇಷನ್’, 1989ರದ್ದು. ನಟ ಚೆವಿ ಚೇಸ್ ಅದರಲ್ಲಿ ತನ್ನ ಮನೆಗೆ 25,000 ದೀಪ ಕಟ್ಟುವ ಅಪ್ಪ. ಒಬ್ಬಳೇ ನೋಡಿದಾಗ ನನಗೆ ತುಂಬಾ ಇಷ್ಟವಾಗಿತ್ತು. ಟೆರೇಸ್ ಮೇಲೆ ಹಾಕಿದಾಗ ಗೊತ್ತಾಯಿತು, ಅರ್ಧ ನಗು ಮಾತಿನಲ್ಲೇ ಇದೆ, ಅದೂ ಗಡಿಬಿಡಿಯ ಅಮೆರಿಕನ್ ಇಂಗ್ಲಿಷ್. ಮಕ್ಕಳ ಮುಂದೆ ನೋಡಲಾಗದ ದೃಶ್ಯಗಳೂ ಇದ್ದವು. ಪ್ರೊಜೆಕ್ಟರ್‌ಗೆ ಕೈ ಅಡ್ಡ ಹಿಡಿದೆ. ದೀಪ ಹೊತ್ತದೆ ಅಪ್ಪ ಒದ್ದಾಡುವಾಗ, ಕ್ರಿಸ್‌ಮಸ್ ಗಿಡದೊಳಗಿಂದ ಅಳಿಲು ಹಾರಿ ಮನೆಯವರೆಲ್ಲ ಓಡುವಾಗ ಮಾತ್ರ ಇಡೀ ಟೆರೇಸ್ ನಕ್ಕಿತು. ಅದನ್ನು ನಾನು ನೆನಪಿಟ್ಟುಕೊಂಡೆ.

ಮರುವರ್ಷ ‘ಹೋಮ್ ಅಲೋನ್’ ತಂದೆ. 1990ರ ಸಿನಿಮಾ. ಕ್ರಿಸ್ ಕೊಲಂಬಸ್ ನಿರ್ದೇಶಕ, ಬರೆದವರು ಜಾನ್ ಹ್ಯೂಸ್. ಮಾತು ಅರ್ಥವಾಗಲಿ ಎಂದು ನಾನು ಪರದೆ ಪಕ್ಕ ನಿಂತು ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳತೊಡಗಿದೆ. ಹತ್ತು ನಿಮಿಷವೂ ಆಗಿರಲಿಲ್ಲ. ಅಜ್ಜಿ ಕೌದಿಯೊಳಗಿಂದ ಕೈ ಎತ್ತಿ, ‘ನೀ ಸುಮ್ಕಿರು, ನಮಗ ಕಾಣ್ತದ’ ಅಂದರು.

ನಿಜವಾಗಿಯೂ ಕಾಣುತ್ತಿತ್ತು. ದೊಡ್ಡ ಕುಟುಂಬ, ಪ್ಯಾರಿಸ್‌ಗೆ ಹೊರಟಿದೆ. ಹಿಂದಿನ ರಾತ್ರಿ ಗಾಳಿಗೆ ಕರೆಂಟ್ ಹೋಗುತ್ತದೆ, ಅಲಾರಂ ಹೊಡೆಯುವುದಿಲ್ಲ. ಬೆಳಿಗ್ಗೆ ಎದ್ದು ಓಡು ಓಡು. ಕರೆಂಟ್ ಹೋದ ಕಥೆಯನ್ನು ಹುಬ್ಬಳ್ಳಿಯವರಿಗೆ ಬಿಡಿಸಿ ಹೇಳಬೇಕಾ? ಗಾಡಿ ಹತ್ತುವಾಗ ಮಕ್ಕಳ ತಲೆ ಎಣಿಸುತ್ತಾರೆ. ಪಕ್ಕದ ಮನೆ ಹುಡುಗ ಸಾಮಾನು ಕೆದಕುತ್ತಾ ನಿಂತಿದ್ದಾನೆ, ಅವನೂ ಲೆಕ್ಕಕ್ಕೆ ಸೇರುತ್ತಾನೆ. ಲೆಕ್ಕ ಸರಿ ಬಂತು, ಮನೆಯ ಹುಡುಗ ಮಾತ್ರ ಅಟ್ಟದ ಮೇಲೆ ನಿದ್ದೆಯಲ್ಲಿ ಉಳಿದ. ಅಲ್ಲಿ ನಮ್ಮ ಓಣಿಯ ಹೆಂಗಸರು ಒಟ್ಟಿಗೆ ‘ಯವ್ವಾ!’ ಅಂದರು. ಯಲ್ಲಮ್ಮನ ಜಾತ್ರೆಗೆ ಹೋಗುವಾಗ ಟ್ರ್ಯಾಕ್ಸಿನಲ್ಲಿ ಹೀಗೇ ತಲೆ ಎಣಿಸಿದವರು ಅವರು.

ಕೊನೆಯ ಅರ್ಧ ಗಂಟೆಯಂತೂ ಬರೀ ಕಣ್ಣಿಗೆ ಮಾಡಿದ್ದು. ಜೋ ಪೆಸ್ಕಿ ಮತ್ತು ಡೇನಿಯಲ್ ಸ್ಟರ್ನ್ ಇಬ್ಬರು ಕಳ್ಳರು. ಹುಡುಗ ಮೆಟ್ಟಿಲ ಮೇಲೆ ನೀರು ಸುರಿದು ಹಿಮ ಮಾಡುತ್ತಾನೆ, ಇಸ್ತ್ರಿ ಪೆಟ್ಟಿಗೆ ಬೀಳಿಸುತ್ತಾನೆ, ಹಗ್ಗಕ್ಕೆ ಬಣ್ಣದ ಡಬ್ಬಿ ಕಟ್ಟಿ ಬೀಸಿ ಬಿಡುತ್ತಾನೆ. ಕಳ್ಳ ಬರಿಗಾಲಿನಲ್ಲಿ ಗಾಜಿನ ಗುಂಡುಗಳ ಮೇಲೆ ಕಾಲಿಟ್ಟಾಗ ಟೆರೇಸ್ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದವರೆಲ್ಲ ಕಾಲು ಮೇಲೆಳೆದುಕೊಂಡರು. ನಾನು ಅವತ್ತು ಪರದೆಯನ್ನು ಬಿಟ್ಟು ಮಂದಿಯನ್ನೇ ನೋಡಿದೆ.

ಮರುದಿನ ಹುಡುಗರು ನಮ್ಮ ಮೆಟ್ಟಿಲ ಮೇಲೆ ಗೋಲಿ ಚೆಲ್ಲಿದ್ದರು. ಪುಣ್ಯಕ್ಕೆ ಯಾರೂ ಬೀಳಲಿಲ್ಲ. ಈಗ ಸಿನಿಮಾಕ್ಕೆ ಮೊದಲು ಒಂದು ತುಂಬಿದ ಬಣ್ಣದ ಡಬ್ಬಿಯನ್ನು ಮಕ್ಕಳ ಕೈಗೆ ಕೊಟ್ಟು ಎತ್ತಿಸುತ್ತೇನೆ. ‘ಇದು ತಲೆಗೆ ಬಡಿದರೆ ಮನುಷ್ಯ ಏಳುವುದಿಲ್ಲ, ಅಲ್ಲಿ ಬೀಳುವವರು ಅದನ್ನೇ ಕಲಿತ ಸ್ಟಂಟ್ ಕಲಾವಿದರು’ ಎಂದು ಹೇಳುತ್ತೇನೆ. ಇದನ್ನು ಬಿಡಬೇಡಿ.

ಒಂದು ಜಾಗದಲ್ಲಿ ಮಾತ್ರ ನಾನು ಸಿನಿಮಾ ನಿಲ್ಲಿಸುತ್ತೇನೆ. ಹುಡುಗ ಕ್ರಿಸ್‌ಮಸ್ ಹಿಂದಿನ ಸಂಜೆ ಚರ್ಚಿಗೆ ಹೋಗುತ್ತಾನೆ. ಅವನು ಹೆದರುತ್ತಿದ್ದ ಪಕ್ಕದ ಮನೆ ಮುದುಕ ಅಲ್ಲಿ ಪಕ್ಕಕ್ಕೆ ಬಂದು ಕೂರುತ್ತಾನೆ. ಮಗನ ಜೊತೆ ಜಗಳವಾಗಿ ಮಾತು ಬಿಟ್ಟಿದೆ, ಮೊಮ್ಮಗಳು ಹಾಡುವುದನ್ನಾದರೂ ಕೇಳೋಣ ಎಂದು ಬಂದಿದ್ದಾನೆ. ಇದು ಕಣ್ಣಿಗೆ ಕಾಣುವುದಿಲ್ಲ, ಮಾತು ಬೇಕೇ ಬೇಕು. ನಾಲ್ಕು ಸಾಲಿನಲ್ಲಿ ಹೇಳಿ ಮತ್ತೆ ಶುರು ಮಾಡುತ್ತೇನೆ. ನಗುವಿಗೆ ನನ್ನ ಅನುವಾದ ಬೇಕಾಗಲಿಲ್ಲ, ಆ ಅಳುವಿಗೆ ಬೇಕಾಯಿತು. ಹಾಗೆ ಹೇಳಿದ ವರ್ಷ, ಸಿನಿಮಾ ಮುಗಿದ ಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು ಕೆಳಗಿಳಿಯದೆ ಟಾಕಿ ಪಕ್ಕ ನಿಂತು ಯಾರಿಗೋ ಫೋನ್ ಮಾಡುತ್ತಿದ್ದರು. ಯಾರಿಗೆ ಅಂತ ನಾನು ಕೇಳಲಿಲ್ಲ.

ಅಲ್ಲಿಂದ ಮುಂದೆ ಸಿನಿಮಾ ಆರಿಸುವಾಗ ಒಂದೇ ಪರೀಕ್ಷೆ. ಮನೆಯಲ್ಲಿ ಸೌಂಡ್ ಪೂರ್ತಿ ಬಂದ್ ಮಾಡಿ ಹತ್ತು ನಿಮಿಷ ನೋಡುತ್ತೇನೆ. ನಗು ಬಂದರೆ ಟೆರೇಸಿಗೆ ಹೋಗುತ್ತದೆ.

ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ಬಂದಿದ್ದು ಲಾರೆಲ್-ಹಾರ್ಡಿಯ ‘ಬಿಗ್ ಬಿಸಿನೆಸ್’. 1929ರ ಮೂಕಿ ಚಿತ್ರ, ಇಪ್ಪತ್ತು ನಿಮಿಷವೂ ಇಲ್ಲ. ಇಬ್ಬರೂ ಬಿಸಿಲಿನ ಕ್ಯಾಲಿಫೋರ್ನಿಯಾದಲ್ಲಿ ಮನೆಮನೆಗೆ ಕ್ರಿಸ್‌ಮಸ್ ಗಿಡ ಮಾರುತ್ತಾರೆ. ಒಬ್ಬ ಮನೆಯವನು ಬೇಡ ಅನ್ನುತ್ತಾನೆ. ಬಾಗಿಲು ಹಾಕುವಾಗ ಗಿಡದ ಟೊಂಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಬೆಲ್ಲು, ಮತ್ತೆ ಬಾಗಿಲು. ಕೊನೆಗೆ ಅವನು ಇವರ ಕಾರು ಕಿತ್ತು ಬಿಸಾಡುತ್ತಾನೆ, ಇವರು ಅವನ ಮನೆ ಒಡೆಯುತ್ತಾರೆ. ಒಬ್ಬ ಒಡೆಯುವಾಗ ಇನ್ನೊಬ್ಬ ಅಡ್ಡ ಬರುವುದಿಲ್ಲ, ಸುಮ್ನೆ ನಿಂತು ನೋಡುತ್ತಾನೆ, ಆಮೇಲೆ ತನ್ನ ಸರದಿ ತೆಗೆದುಕೊಳ್ಳುತ್ತಾನೆ. ಪೊಲೀಸಪ್ಪ ದೂರ ನಿಂತು ಬರೆದುಕೊಳ್ಳುತ್ತಾನೆ. ಬದು ಜಗಳ ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಅದಕ್ಕೇ ಇಷ್ಟು ನಗು. ಇದನ್ನು ಯಾವಾಗಲೂ ಮೊದಲು ಹಾಕುತ್ತೇನೆ. ತಡವಾಗಿ ಬಂದವರೂ ನಡುವಿನಿಂದ ನೋಡಿ ನಗಬಹುದು.

ಮಿಸ್ಟರ್ ಬೀನ್‌ನ ಕ್ರಿಸ್‌ಮಸ್ ಕಂತಿನ ಬಗ್ಗೆ ನನಗೆ ಭಯ ಇತ್ತು. 1992ರದ್ದು. ತಲೆ ಟರ್ಕಿ ಕೋಳಿಯೊಳಗೆ ಸಿಕ್ಕಿಕೊಳ್ಳುವುದು ಎಲ್ಲರಿಗೂ ಗೊತ್ತು. ಭಯ ಇದ್ದದ್ದು ಅಂಗಡಿಯ ಗೋದಲಿಯ ದೃಶ್ಯಕ್ಕೆ. ಬೀನ್ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ ನಡುವೆ ಯುದ್ಧದ ಟ್ಯಾಂಕ್, ಡೈನೋಸಾರ್ ಎಲ್ಲ ತಂದು ಆಡುತ್ತಾನೆ. ನಮ್ಮಲ್ಲಿ ಪ್ರತಿ ವರ್ಷ ಭಕ್ತಿಯಿಂದ ಗೋದಲಿ ಕಟ್ಟುವ ಹಿರಿಯರಿದ್ದಾರೆ. ಮೊದಲೇ ಅವರ ಮನೆಗೆ ಹೋಗಿ ತೋರಿಸಿ ಕೇಳಿದೆ. ಅವರು ನಕ್ಕು, ತಮ್ಮ ಗೋದಲಿಯ ಕುರಿಗಳ ಹಿಂದೆ ಯಾವುದೋ ಕೂಸು ನಿಲ್ಲಿಸಿದ್ದ ಪ್ಲಾಸ್ಟಿಕ್ ಲಾರಿ ತೋರಿಸಿದರು. ತೆಗೆದಿರಲಿಲ್ಲ.

‘ಎಲ್ಫ್’ ಅರ್ಧ ಪಾಸು. 2003ರ ಸಿನಿಮಾ, ವಿಲ್ ಫೆರೆಲ್ ಉತ್ತರ ಧ್ರುವದ ಕುಳ್ಳರ ನಡುವೆ ಬೆಳೆದ ಮನುಷ್ಯ. ಅವನು ದೈತ್ಯನಂತೆ ಕಾಣಲಿ ಎಂದು ಎರಡು ಅಳತೆಯ ಸೆಟ್ ಕಟ್ಟಿ, ಅವನನ್ನು ಕ್ಯಾಮೆರಾಕ್ಕೆ ಹತ್ತಿರ, ಉಳಿದವರನ್ನು ದೂರ ನಿಲ್ಲಿಸಿ ತೆಗೆದಿದ್ದಾರೆ. ನಡುವಿನ ಆಫೀಸ್ ಮಾತುಕತೆಯಲ್ಲಿ ಮಕ್ಕಳು ಎದ್ದು ಓಡಾಡಿದರು. ಆದರೆ ಅವನು ಎಸ್ಕಲೇಟರ್ ಮೇಲೆ ಒಂದು ಕಾಲಿಟ್ಟು ಇನ್ನೊಂದನ್ನು ಕೆಳಗೇ ಬಿಟ್ಟಾಗ, ಮಾಲ್‌ನಲ್ಲಿ ಮೊದಲ ಸಲ ಎಸ್ಕಲೇಟರ್ ಹತ್ತಿದ ನಮ್ಮ ಅತ್ತೆಗೆ ನಕ್ಕು ನಕ್ಕು ಕಣ್ಣೀರು ಬಂತು. ಮಪೆಟ್ ಗೊಂಬೆಗಳ ‘ಕ್ರಿಸ್‌ಮಸ್ ಕ್ಯಾರಲ್’ ನನಗೆ ಬಹಳ ಪ್ರೀತಿಯದು, ಇಲ್ಲಿ ಸಣ್ಣ ಮಕ್ಕಳು ದೆವ್ವಕ್ಕೆ ಹೆದರಿದರು. ಬಿಟ್ಟೆ.

ಕಟ್ಟುವ ಕೆಲಸದ ಬಗ್ಗೆ ಎರಡು ಮಾತು. ಒಂದೇ ಚಾದರ ಸಾಲದು, ಬೆಳಕು ಹಿಂದಕ್ಕೆ ಸೋರುತ್ತದೆ. ಎರಡು ಬಿಳಿ ಚಾದರ, ಹಿಂದೆ ಕರಿ ಕಂಬಳಿ. ಕೆಳಗಿನ ಅಂಚಿನಲ್ಲಿ ಬಿದಿರು ಕೋಲು ಹೊಲಿಯಿರಿ, ಡಿಸೆಂಬರ್ ಗಾಳಿಗೆ ಚಾದರ ಉಬ್ಬಿದರೆ ನಟರ ಮುಖವೂ ಉಬ್ಬುತ್ತದೆ. ಸ್ಪೀಕರ್ ಪ್ರೊಜೆಕ್ಟರ್ ಪಕ್ಕ ಬೇಡ, ಪರದೆ ಪಕ್ಕ ಇಡಿ. ಏಳಕ್ಕೆ ಸರಿಯಾಗಿ ಕತ್ತಲಾಗಿರುತ್ತದೆ. ಮೊದಲು ಲಾರೆಲ್-ಹಾರ್ಡಿ, ಆಮೇಲೆ ಗಿರ್ಮಿಟ್ಟು, ಮಿರ್ಚಿ, ಚಹಾ. ದೊಡ್ಡ ಸಿನಿಮಾ ಏಳೂಮುಕ್ಕಾಲಿಗೆ. ‘ಹೋಮ್ ಅಲೋನ್’ 103 ನಿಮಿಷ, ನಿಲ್ಲಿಸಿ ನಿಲ್ಲಿಸಿ ತೋರಿಸಿದರೂ ಹತ್ತರೊಳಗೆ ಮುಗಿಯುತ್ತದೆ. ಮಿರ್ಚಿಯನ್ನು ಮಾತ್ರ ಸಿನಿಮಾದ ನಡುವೆ ಹಂಚಬೇಡಿ. ನಗುವಾಗ ಖಾರ ನೆತ್ತಿಗೇರುತ್ತದೆ.

ಹೋದ ವರ್ಷದಿಂದ 31ಕ್ಕೂ ಒಂದು ಆಟ ಸೇರಿಸಿದ್ದೇನೆ. ಚಾಪ್ಲಿನ್‌ನ ‘ದಿ ಗೋಲ್ಡ್ ರಶ್’, 1925. ಚಾಪ್ಲಿನ್ ತೀರಿಕೊಂಡಿದ್ದು 1977ರ ಕ್ರಿಸ್‌ಮಸ್ ದಿನವೇ. ಈ ಕಥೆಯಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಅವನು ಊಟ ಅಣಿ ಮಾಡಿ, ಮೇಜು ಸಿಂಗರಿಸಿ, ಗೆಳತಿಯರಿಗಾಗಿ ಕಾಯುತ್ತಾನೆ. ಯಾರೂ ಬರುವುದಿಲ್ಲ. ಕಾಯುತ್ತಲೇ ನಿದ್ದೆ ಹೋಗಿ ಕನಸು ಕಾಣುತ್ತಾನೆ. ಕನಸಿನಲ್ಲಿ ಎರಡು ಬನ್ನಿಗೆ ಎರಡು ಮುಳ್ಳು ಚಮಚ ಚುಚ್ಚಿ, ಅವನ್ನೇ ಕಾಲು ಮಾಡಿಕೊಂಡು ಮೇಜಿನ ಮೇಲೆ ಕುಣಿಸುತ್ತಾನೆ. ಟೆರೇಸ್ ಮೇಲೆ ಮೊದಲು ನಗು ಎದ್ದಿತು, ಆಮೇಲೆ ಒಮ್ಮೆಲೇ ತಣ್ಣಗಾಯಿತು. ಅಜ್ಜಿ ‘ಇನ್ನೊಮ್ಮೆ ಹಾಕು’ ಅಂದರು. ಮೂರು ಸಲ ಹಾಕಿದೆ.

ಜನವರಿ ಒಂದರ ಬೆಳಿಗ್ಗೆ ಅಡುಗೆ ಮನೆಗೆ ಹೋದರೆ ಅಜ್ಜಿ ಮತ್ತು ಪಕ್ಕದ ಮನೆಯ ಆರು ವರ್ಷದ ಹುಡುಗಿ ಎದುರುಬದುರು ಕೂತಿದ್ದರು. ಬನ್ನು ಇರಲಿಲ್ಲ. ಎರಡೆರಡು ಬಟಾಟೆಗೆ ಮುಳ್ಳು ಚಮಚ ಚುಚ್ಚಿಕೊಂಡು, ಇಬ್ಬರೂ ಒಂದು ಮಾತೂ ಆಡದೆ ಕುಣಿಸುತ್ತಿದ್ದರು.