ಡ್ರಿಲ್ ಪಕ್ಕಕ್ಕಿಡಿ: ಹಳೇ ಸ್ಪೋರ್ಟ್ಸ್ ಕಾರಿನ ಹೆಡ್ ಕೆಲಸ ಮನೆಯಲ್ಲೇ

ಗೆಳೆಯನೊಬ್ಬ ವಾಲ್ವನ್ನು ಅದು ಮುಚ್ಚಿ ಕೂರುವ ಜಾಗಕ್ಕೆ, ಅಂದರೆ ಸೀಟಿಗೆ, ಉಜ್ಜಿ ಹೊಂದಿಸಲು ವಾಲ್ವಿನ ಸ್ಟೆಮ್ಮಿಗೆ (ಅದರ ಉದ್ದ ಕಡ್ಡಿಗೆ) ಡ್ರಿಲ್ ಸಿಕ್ಕಿಸಿ ಗರಗರ ತಿರುಗಿಸುತ್ತಾ ನಿಂತಿದ್ದ. ಎಂಟು ವಾಲ್ವನ್ನೂ ಹತ್ತೇ ನಿಮಿಷದಲ್ಲಿ ಮುಗಿಸಿದ. ಸೀಟುಗಳೆಲ್ಲ ಒಂದೇ ಸಮ ಬೂದು ಬಣ್ಣಕ್ಕೆ ತಿರುಗಿ, ನೋಡೋಕೆ ಚೆಂದವಾಗೇ ಇದ್ದವು. ಮೂರು ತಿಂಗಳಿಗೆ ಎರಡು ಸಿಲಿಂಡರ್‌ನಲ್ಲಿ ಕಂಪ್ರೆಷನ್ ಇಲ್ಲ. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂತು ವಾಲ್ವುಗಳನ್ನು ಹೊತ್ತಿರುವ ಹೆಡ್ ಮತ್ತೆ ಬಿಚ್ಚಬೇಕಾಯಿತು, ಹೊಸ ಗ್ಯಾಸ್ಕೆಟ್ (ಹೆಡ್ಡಿನಡಿ ಸೋರದಂತೆ ಹಾಕುವ ಹಾಳೆ) ದಂಡ, ಸೀಟುಗಳೂ ಹೋದವು. ಹೆಡ್ ಕೆಲಸದಲ್ಲಿ ಜನ ಕೆಡುವುದು ಬಿಚ್ಚುವಾಗ ಅಲ್ಲ, ಜೋಡಿಸುವಾಗಲೂ ಅಲ್ಲ. ನಡುವೆ ವಾಲ್ವನ್ನು ಸೀಟಿನ ಮೇಲೆ ಕೂರಿಸುವಾಗ. ಅದಕ್ಕೇ ಇಲ್ಲಿ ಆ ಭಾಗವನ್ನು ಉದ್ದಕ್ಕೆ ಬರೆದಿದ್ದೇನೆ.

ಉದಾಹರಣೆಗೆ ಎಂಜಿಬಿ ಕಾರನ್ನು ಇಟ್ಟುಕೊಂಡಿದ್ದೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಕಾರು. 1798 ಸಿಸಿ, ನಾಲ್ಕು ಸಿಲಿಂಡರ್, ಎಂಟು ವಾಲ್ವ್. ವಾಲ್ವುಗಳನ್ನು ತೆರೆಸುವ ಕ್ಯಾಮ್ (ಉಬ್ಬುಗಳಿರುವ ಶಾಫ್ಟ್) ಕೆಳಗೆ ಬ್ಲಾಕ್‌ನಲ್ಲಿರುತ್ತದೆ, ಪುಶ್‌ರಾಡ್‌ಗಳು ಮೇಲಿನ, ವಾಲ್ವನ್ನು ಒತ್ತುವ ರಾಕರ್‌ಗಳನ್ನು ತಳ್ಳುತ್ತವೆ. ಹೆಡ್ಡು ಬೀಡು ಕಬ್ಬಿಣದ್ದು. ಕಲಿಯೋಕೆ ಇಂಥ ಸಾಧು ಎಂಜಿನ್ ಸಿಗುವುದು ಅಪರೂಪ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನಂಥದ್ದಾದರೆ ಎರಡು ಕ್ಯಾಮ್, ಅಲ್ಯೂಮಿನಿಯಂ ಹೆಡ್ಡು. ವಾಲ್ವ್ ಗ್ಯಾಪ್ ಸರಿಮಾಡಲು ಶಿಮ್ (ತೆಳು ಬಿಲ್ಲೆ) ಅಳೆದು ಬದಲಿಸುತ್ತಾ ಕೂರಬೇಕು. ಮೊದಲ ಸಲಕ್ಕೆ ಆ ಸಾಹಸ ಬೇಡ.

ಹಂತ 1: ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿ ವೈರ್ ತೆಗೆಯಿರಿ, ಕೂಲೆಂಟ್ ಖಾಲಿ ಮಾಡಿ, ಕಾರ್ಬುರೇಟರ್, ಮ್ಯಾನಿಫೋಲ್ಡ್, ಹೋಸ್‌ಗಳನ್ನು ಕಳಚಿ. ಇದರಲ್ಲಿ ಹೇಳುವಂಥದ್ದೇನಿಲ್ಲ. ಕಳಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಆಯಿತು.

ರಾಕರ್ ಕವರ್ ತೆಗೆದ ಮೇಲೆ ಒಂದು ಮೋಸ ಇದೆ. ರಾಕರ್ ಶಾಫ್ಟನ್ನು ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುತ್ತವೆ. 'ರಾಕರ್ ಮಾತ್ರ ತೆಗೀತೀನಿ' ಅಂತ ಅವಷ್ಟನ್ನೇ ಬಿಚ್ಚಿದರೆ ಹೆಡ್ಡು ಒಂದು ಪಕ್ಕಕ್ಕೆ ಎಳೆದು ಸೊಟ್ಟಗಾಗಬಹುದು. ಹನ್ನೊಂದು ಹೆಡ್ ನಟ್ಟನ್ನೂ ಸುತ್ತು ಹಾಕಿಕೊಂಡು, ಒಂದೊಂದು ಸಲ ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಪುಶ್‌ರಾಡ್ ಎತ್ತುವಾಗ ಆಯಿಲಿನ ಜಿಗುಟಿಗೆ ಕೆಳಗಿನ, ಕ್ಯಾಮಿನ ಮೇಲೆ ಕೂರುವ ಬಟ್ಟಲಂಥ ಟ್ಯಾಪೆಟ್ಟೂ ಜೊತೆಗೇ ಎದ್ದು ಬರುತ್ತದೆ. ಮೆಲ್ಲಗೆ ತಿರುಗಿಸಿ, ಅಲ್ಲಾಡಿಸಿ, ಹಿಡಿತ ಬಿಟ್ಟದ್ದು ಕೈಗೆ ಗೊತ್ತಾದ ಮೇಲೆ ಎತ್ತಿ. ರಟ್ಟಿಗೆ ಎಂಟು ತೂತು ಮಾಡಿ, ನಂಬರ್ ಬರೆದು, ಬಂದ ಕ್ರಮದಲ್ಲೇ ಚುಚ್ಚಿಡಿ. ರೇಡಿಯೇಟರ್ ಕಡೆಯದು 1.

ಹೆಡ್ಡು ಏಳದಿದ್ದರೆ ಸ್ಕ್ರೂಡ್ರೈವರ್ ತುರುಕಬೇಡಿ. ಅದು ಮಾಡುವ ಗಾಯದಿಂದಲೇ ಮುಂದೆ ನೀರು ಸೋರುವುದು. ಸ್ಪಾರ್ಕ್ ಪ್ಲಗ್‌ಗಳು ಹಾಗೇ ಇರಲಿ. ನಟ್ಟುಗಳನ್ನು ತೆಗೆದು, ಕಾರನ್ನು ಮೇಲಿನ ಗೇರಿಗೆ ಹಾಕಿ ಸ್ವಲ್ಪ ತಳ್ಳಿ. ಪುಶ್‌ರಾಡ್ ಇಲ್ಲದ್ದರಿಂದ ವಾಲ್ವ್‌ಗಳೆಲ್ಲ ಮುಚ್ಚಿರುತ್ತವೆ, ಪಿಸ್ಟನ್ ಒತ್ತಿದ ಗಾಳಿಯೇ ಹೆಡ್ಡನ್ನು ಬಿಡಿಸುತ್ತದೆ. ಎತ್ತುವಾಗ ಇನ್ನೊಬ್ಬರನ್ನು ಕರೆಯಿರಿ. ಬೀಡು ಕಬ್ಬಿಣ, ಒಬ್ಬರೇ ಬಾಗಿ ಎತ್ತಿದರೆ ಸೊಂಟ ಹಿಡಿಯುತ್ತದೆ.

ಹಂತ 2: ವಾಲ್ವ್ ತೆಗೆದು ತೊಳೆಯುವುದು

ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಒತ್ತಿ, ಎರಡು ಪುಟ್ಟ ಲಾಕ್‌ಗಳನ್ನು ಅಯಸ್ಕಾಂತದಿಂದ ಎತ್ತಿಕೊಳ್ಳಿ. ವಾಲ್ವುಗಳಿಗೂ ನಂಬರ್ ಬರೆದ ತೂತಿನ ಇನ್ನೊಂದು ರಟ್ಟು ಮಾಡಿ, ಬಂದ ಕ್ರಮದಲ್ಲೇ ಚುಚ್ಚಿಡಿ. ವಾಲ್ವ್ ಸಲೀಸಾಗಿ ಜಾರದಿದ್ದರೆ ಬಡಿಯಬೇಡಿ. ರಾಕರ್ ಏಟಿಗೆ ಸ್ಟೆಮ್ಮಿನ ತುದಿಯಲ್ಲಿ ಅಂಚು ಎದ್ದಿರುತ್ತದೆ. ಅದನ್ನು ಅರದಿಂದ ಸವರಿ ಆಮೇಲೆ ಎಳೆಯಿರಿ. ಇಲ್ಲದಿದ್ದರೆ ಆ ಅಂಚು ಗೈಡನ್ನು (ಸ್ಟೆಮ್ಮು ಜಾರುವ ಕೊಳವೆಯನ್ನು) ಉದ್ದಕ್ಕೂ ಗೀರಿಕೊಂಡೇ ಹೊರಬರುತ್ತದೆ.

ಕಾರ್ಬನ್ ಕೆರೆಯಲು ವೈರ್ ಬ್ರಷ್, ಸೀಮೆಎಣ್ಣೆ, ತಾಳ್ಮೆ ಸಾಕು. ಮೆಷಿನ್ನಿಗೆ ಸಿಕ್ಕಿಸುವ ನಾರಿನ ಉಜ್ಜು ಡಿಸ್ಕ್‌ಗಳು ಸಿಗುತ್ತವೆ. ಕೆಲಸವೇನೋ ಫಟಾಫಟ್ ಆಗುತ್ತದೆ. ಆದರೆ ಅವು ಉದುರಿಸುವ ಕಣ ಆಯಿಲಿಗೆ ಸೇರಿದರೆ ಬೇರಿಂಗ್‌ಗಳ ಕಥೆ ಮುಗಿಯಿತು. ನಾನಂತೂ ಅವನ್ನು ಎಂಜಿನ್ ಹತ್ತಿರಕ್ಕೂ ತರುವುದಿಲ್ಲ.

ತೊಳೆದ ಮೇಲೆ ಎರಡು ಪರೀಕ್ಷೆ. ಅಕ್ಕಪಕ್ಕದ ಎರಡು ಸೀಟುಗಳ ನಡುವಿನ ಸಣ್ಣ ಸೇತುವೆಯಂಥ ಜಾಗದಲ್ಲಿ ಕೂದಲೆಳೆಯಂಥ ಬಿರುಕಿದೆಯೇ ನೋಡಿ. ಅನುಮಾನ ಬಂದರೆ ಮೆಷಿನ್ ಶಾಪಿನಲ್ಲಿ ಪರೀಕ್ಷೆ ಮಾಡಿಸಿ. ಬಿರುಕಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಆಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರುತ್ತದೆಯೇ ನೋಡಿ. ತೂರಿದರೆ ಮೆಷಿನ್ ಮಾಡಿಸಿ. 'ಸಮ ಆಗುವಷ್ಟು ಮಾತ್ರ, ಅದಕ್ಕಿಂತ ಒಂದು ಚೂರೂ ಬೇಡ' ಅಂತ ಚೀಟಿ ಬರೆದು ಹೆಡ್ಡಿಗೇ ಕಟ್ಟಿ. ಬಾಯಿಮಾತಲ್ಲಿ ಹೇಳಿ ನಾನು ಒಮ್ಮೆ ಮೋಸ ಹೋಗಿದ್ದೇನೆ. ಬೇಕಿದ್ದಕ್ಕಿಂತ ತುಂಬಾ ಜಾಸ್ತಿ ತೆಗೆದುಬಿಟ್ಟಿದ್ದರು.

ಹಂತ 3: ಮೊದಲು ಗೈಡ್, ಆಮೇಲೆ ಸೀಟು

ಈ ಕ್ರಮ ತಪ್ಪಿಸುವವರೇ ಜಾಸ್ತಿ. ಸೀಟನ್ನು ಕಡಿಯುವ ಕಟ್ಟರ್ ನಿಲ್ಲುವುದೇ ಗೈಡಿನ ಆಧಾರದಲ್ಲಿ. ಗೈಡ್ ಸವೆದಿದ್ದರೆ ಸೀಟಿನ ನಡುವೂ ಪಕ್ಕಕ್ಕೆ ಸರಿಯುತ್ತದೆ. ವಾಲ್ವನ್ನು ಸೀಟಿನಿಂದ ಒಂದಿಷ್ಟು ಮೇಲೆತ್ತಿ ಅತ್ತಿತ್ತ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಕಂಡರೆ ಒಂದು ಹೊಸ ವಾಲ್ವ್ ತೂರಿಸಿ ನೋಡಿ. ಆಗಲೂ ಅಲ್ಲಾಡಿದರೆ ಗೈಡ್ ಹೋಗಿದೆ. ಗೈಡ್ ಹಾಕುವುದು ಮನೆಯ ಕೆಲಸ ಅಲ್ಲ. ಮೆಷಿನ್ ಶಾಪಿಗೆ ಕೊಡಿ.

ಕೊಟ್ಟ ಮೇಲೆ ಎಕ್ಸಾಸ್ಟ್ ಕಡೆಗೆ, ಅಂದರೆ ಹೊಗೆ ಹೊರಬಿಡುವ ವಾಲ್ವುಗಳಿಗೆ, ಗಟ್ಟಿ ಸೀಟುಗಳನ್ನೂ ಹಾಕಿಸಿಬಿಡಿ. ಹಿಂದಿನ ಪೆಟ್ರೋಲಿನಲ್ಲಿದ್ದ ಸೀಸ ಸೀಟಿನ ಮೇಲೆ ತೆಳ್ಳಗೆ ಪದರ ಕಟ್ಟಿ ಅದನ್ನು ಕಾಯುತ್ತಿತ್ತು. ಬ್ರಿಟನ್ನಿನಲ್ಲಿ 2000ದ ಹೊತ್ತಿಗೆ ಸೀಸದ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿತು. ಆ ಪದರ ಇಲ್ಲದೆ ಜೋರಾಗಿ ಓಡಿಸಿದರೆ ಬೀಡು ಕಬ್ಬಿಣದ ಸೀಟು ಸವೆದು, ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತಾ ಹೋಗುತ್ತದೆ. ಪ್ರತಿ ಸಲ ಟ್ಯಾಂಕಿಗೆ ಸೀಸದ ಬದಲಿ ದ್ರವದ ಬಾಟಲಿ ಸುರಿಯುವುದೂ ಒಂದು ದಾರಿಯೇ. ಆದರೆ ಹೆಡ್ಡು ಹೇಗೂ ಬಿಚ್ಚಿದೆ, ಒಂದು ಸಲ ಮಾಡಿಸಿ ಮರೆತುಬಿಡುವುದು ಒಳ್ಳೆಯದಲ್ವಾ?

ಹಂತ 4: ವಾಲ್ವ್ ಗ್ರೈಂಡಿಂಗ್

ಮೊದಲು ಒಂದು ಮಾತು. ಉಜ್ಜಲು ಹಚ್ಚುವ, ಮರಳಿನಂಥ ಪುಡಿ ಬೆರೆತ ಗ್ರೈಂಡಿಂಗ್ ಪೇಸ್ಟ್ ರಿಪೇರಿಯ ಸಾಮಾನಲ್ಲ. ವಾಲ್ವಿನ ಮುಖ, ಸೀಟು ಎರಡೂ ಆಗಲೇ ಸರಿ ಇದ್ದಾಗ ಅವನ್ನು ಒಂದಕ್ಕೊಂದು ಹೊಂದಿಸಲು, ಹೊಂದಿವೆಯೇ ಅಂತ ನೋಡಲು ಇರುವಂಥದ್ದು. ಗುಳಿ ಬಿದ್ದ, ಸುಟ್ಟ ಸೀಟನ್ನು ಪೇಸ್ಟಿನಿಂದಲೇ ಸರಿಮಾಡುತ್ತೇನೆ ಅಂತ ಗಂಟೆಗಟ್ಟಲೆ ಉಜ್ಜಿದರೆ ವಾಲ್ವಿನ ಮುಖ ಹಳ್ಳವಾಗಿ, ಸೀಟು ಗುಂಡಗಾಗುತ್ತದೆ. ಅಂಥದ್ದಕ್ಕೆ ಕಟ್ಟರ್ರೇ ಬೇಕು. ವಾಲ್ವಿನ ತಲೆಯ ಅಂಚು ಬ್ಲೇಡಿನ ಹಾಗೆ ತೆಳುವಾಗಿದ್ದರೆ ಅದನ್ನು ಎಸೆಯಿರಿ. ಸುಮಾರು 1 ಮಿ.ಮೀ. ದಪ್ಪವಾದರೂ ಉಳಿದಿರಬೇಕು.

ಹೆಡ್ಡನ್ನು ತಲೆಕೆಳಗಾಗಿ ಎರಡು ಮರದ ತುಂಡುಗಳ ಮೇಲಿಡಿ. ಸ್ಟೆಮ್ಮಿಗೆ ಒಂದು ತೊಟ್ಟು ಎಂಜಿನ್ ಆಯಿಲ್ ಹಚ್ಚಿ. ವಾಲ್ವಿನ ಮುಖಕ್ಕೆ ನಯ ಪೇಸ್ಟನ್ನು ಮೂರು ಕಡೆ, ಸಾಸಿವೆ ಕಾಳಿನಷ್ಟೇ ಇಡಿ. ಬೆಣ್ಣೆ ಸವರಿದ ಹಾಗೆ ಬಳಿಯಬೇಡಿ. ಹೆಚ್ಚಾದದ್ದೆಲ್ಲ ಗೈಡಿನೊಳಕ್ಕೆ ಇಳಿದು, ಈಗ ತಾನೇ ಹಾಕಿಸಿದ ಗೈಡನ್ನೇ ತಿನ್ನುತ್ತದೆ. ಒರಟು ಪೇಸ್ಟಿನ ಡಬ್ಬಿಯನ್ನು ನಾನು ತೆರೆದು ವರ್ಷಗಳಾದವು. ಅದು ಬೇಕು ಅನ್ನಿಸಿದರೆ ಸೀಟಿಗೆ ಕಟ್ಟರ್ ಬೇಕಾಗಿದೆ ಅಂತಲೇ ಅರ್ಥ.

ಇನ್ನು ಕೋಲು. ತುದಿಯಲ್ಲಿ ರಬ್ಬರ್ ಬಟ್ಟಲಿರುವ ಮರದ ಕೋಲೇ ಆಗಬೇಕು. ಅಗ್ಗದ ಪ್ಲಾಸ್ಟಿಕ್ ಕೋಲಿನ ಬಟ್ಟಲು ಎರಡು ಸುತ್ತಿಗೇ ಕಳಚಿಕೊಳ್ಳುತ್ತದೆ, ಸಿಟ್ಟು ಬರುತ್ತದೆ, ಕೈ ಡ್ರಿಲ್ಲಿನ ಕಡೆ ಹೋಗುತ್ತದೆ. ವಾಲ್ವಿನ ತಲೆಯನ್ನು ಚೆನ್ನಾಗಿ ಒರೆಸಿ, ಬಟ್ಟಲಿಗೆ ಸ್ವಲ್ಪ ನೀರು ಸವರಿ ಒತ್ತಿದರೆ ಗಟ್ಟಿಯಾಗಿ ಹಿಡಿಯುತ್ತದೆ.

ಕೋಲನ್ನು ಎರಡು ಅಂಗೈ ನಡುವೆ ಹಿಡಿದು ಮಜ್ಜಿಗೆ ಕಡೆದ ಹಾಗೆ ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ತಿರುಗಿಸಿ. ಒತ್ತಡ ಬೇಡ, ಕೈಯ ಭಾರವೇ ಸಾಕು. ಹತ್ತು ಸಲ ಆದ ಮೇಲೆ ವಾಲ್ವನ್ನು ಎತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಕೂರಿಸಿ ಮುಂದುವರಿಸಿ. ಈ ಎತ್ತುವುದೇ ಮುಖ್ಯ. ಎತ್ತಿದಾಗ ಪೇಸ್ಟ್ ಮತ್ತೆ ಹರಡಿಕೊಳ್ಳುತ್ತದೆ, ಒಂದೇ ಗೆರೆಯಲ್ಲಿ ಉಜ್ಜುವುದು ತಪ್ಪುತ್ತದೆ. ಡ್ರಿಲ್ಲು ಎತ್ತುವುದಿಲ್ಲ. ಒಂದೇ ದಿಕ್ಕಿಗೆ ತಿರುಗಿಸುತ್ತಾ ಸುತ್ತಲೂ ಗೀರು ಹಾಕುತ್ತದೆ, ಸಾಲದ್ದಕ್ಕೆ ವಾಲ್ವನ್ನು ಪಕ್ಕಕ್ಕೆ ಎಳೆಯುತ್ತದೆ. ಗೆಳೆಯನ ಸೀಟು ಹೋದದ್ದು ಹೀಗೆ.

ಕಿವಿ ಕೊಟ್ಟು ಕೇಳುತ್ತಿರಿ. ಮೊದಲು ಕರಕರ ಅನ್ನುತ್ತದೆ, ಮರಳ ಮೇಲೆ ನಡೆದ ಹಾಗೆ. ಸ್ವಲ್ಪ ಹೊತ್ತಿಗೆ ಆ ಸದ್ದು ಇಳಿದು ರೇಷ್ಮೆ ಸವರಿದ ಹಾಗೆ ನುಣ್ಣಗಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಎರಡನ್ನೂ ಒರೆಸಿ ನೋಡಿ. ವಾಲ್ವಿನ ಮುಖದ ಮೇಲೆ ಮಂಕು ಬೂದು ಬಣ್ಣದ ಉಂಗುರ ಕಾಣಬೇಕು. ಎಲ್ಲೂ ಕಡಿಯದ, ಸುತ್ತಲೂ ಒಂದೇ ಅಗಲದ ಉಂಗುರ. ಇನ್‌ಲೆಟ್‌ಗೆ ಸುಮಾರು 1.5 ಮಿ.ಮೀ., ಎಕ್ಸಾಸ್ಟ್‌ಗೆ 2 ಮಿ.ಮೀ. ಎಕ್ಸಾಸ್ಟ್‌ನದು ಅಗಲ ಯಾಕೆಂದರೆ ಆ ವಾಲ್ವಿನ ಬಿಸಿಯೆಲ್ಲ ಹೆಚ್ಚಾಗಿ ಸೀಟಿನ ಮೂಲಕವೇ ಹೆಡ್ಡಿಗೆ ಇಳಿಯಬೇಕು. ಉಂಗುರ ತೀರಾ ಸಣ್ಣದಾದರೆ ವಾಲ್ವ್ ಸುಡುತ್ತದೆ, ತೀರಾ ಅಗಲವಾದರೆ ಕಾರ್ಬನ್ ಸಿಕ್ಕಿಕೊಳ್ಳುತ್ತದೆ.

ಉಂಗುರ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಅದು ಮುಖದ ನಡುವೆ ಇರಬೇಕು. ಹೊರ ಅಂಚಿಗೆ ತಾಗಿಕೊಂಡಿದ್ದರೆ ಎಷ್ಟು ಉಜ್ಜಿದರೂ ಒಳಕ್ಕೆ ಬರುವುದಿಲ್ಲ. ಸೀಟಿನ ಮೇಲಂಚನ್ನು 30 ಡಿಗ್ರಿ ಕಟ್ಟರ್‌ನಿಂದ ತೆಗೆಸಬೇಕು. ಒಂದು ಕಡೆ ಅಗಲ, ಎದುರು ಕಡೆ ಸಪೂರ ಇದ್ದರೆ ಒಂದೋ ವಾಲ್ವ್ ಬಾಗಿದೆ, ಇಲ್ಲವೋ ಸೀಟಿನ ನಡು ತಪ್ಪಿದೆ.

ನನಗೆ ಪೇಸ್ಟಿನ ಉಂಗುರಕ್ಕಿಂತ ಪೆನ್ಸಿಲ್ ಮೇಲೆ ನಂಬಿಕೆ ಜಾಸ್ತಿ. ಪೇಸ್ಟನ್ನು ಪೂರ್ತಿ ತೊಳೆದು, ವಾಲ್ವಿನ ಮುಖಕ್ಕೆ ಅಡ್ಡಡ್ಡ ಹತ್ತು ಹನ್ನೆರಡು ಪೆನ್ಸಿಲ್ ಗೆರೆ ಎಳೆಯಿರಿ. ವಾಲ್ವನ್ನು ಕೂರಿಸಿ, ಒತ್ತಿ, ಕಾಲು ಸುತ್ತು ಮಾತ್ರ ತಿರುಗಿಸಿ ತೆಗೆಯಿರಿ. ಎಲ್ಲ ಗೆರೆಯೂ ನಡುವೆ ಅಳಿಸಿರಬೇಕು. ಒಂದೇ ಒಂದು ಗೆರೆ ಪೂರ್ತಿ ಉಳಿದಿದ್ದರೂ ಅಲ್ಲಿ ಗ್ಯಾಸ್ ಸೋರುತ್ತದೆ.

ಒಂದು ವಾಲ್ವ್ ಮುಗಿದ ಕೂಡಲೇ ಅದರ ನಂಬರಿನ ತೂತಿಗೆ ವಾಪಸ್ ಹೋಗಬೇಕು. ಈಗ ಅದು ಆ ಸೀಟಿಗೆ ಮಾತ್ರ ಗಂಟುಬಿದ್ದಿದೆ. ಎಲ್ಲ ಮುಗಿದ ಮೇಲೆ ಹೆಡ್ಡನ್ನು ಸೀಮೆಎಣ್ಣೆಯಲ್ಲಿ, ಆಮೇಲೆ ಬಿಸಿ ಸೋಪು ನೀರಿನಲ್ಲಿ ತೊಳೆಯಿರಿ. ಗೈಡುಗಳೊಳಗೆ ಬ್ರಷ್ ಆಡಿಸಿ, ಬಿಳಿ ಬಟ್ಟೆಯ ಚೂರು ತೂರಿಸಿ ಎಳೆದಾಗ ಬಟ್ಟೆ ಬಿಳಿಯಾಗೇ ಬರುವವರೆಗೆ. ಕೂಡಲೇ ಒಣಗಿಸಿ ಆಯಿಲ್ ಸವರಿ. ಟೀ ಕುಡಿದು ಬರುವಷ್ಟರಲ್ಲಿ ಬೀಡು ಕಬ್ಬಿಣಕ್ಕೆ ತುಕ್ಕಿನ ಬಣ್ಣ ಹತ್ತಿರುತ್ತದೆ.

ಹಂತ 5: ಜೋಡಿಸುವುದು

ಸ್ಟೆಮ್ಮಿಗೆ ಆಯಿಲ್, ವಾಲ್ವ್, ಸ್ಪ್ರಿಂಗ್, ಮೇಲಿನ ಟೋಪಿ. ಸ್ಟೆಮ್ಮಿನ ಮೇಲೆ ಪುಟ್ಟ ರಬ್ಬರ್ ರಿಂಗ್ ಬರುವ ಹೆಡ್ಡಾದರೆ, ಸ್ಪ್ರಿಂಗ್ ಒತ್ತಿ ಹಿಡಿದ ಮೇಲೆ ರಿಂಗನ್ನು ಲಾಕ್ ಕೂರುವ ಕಚ್ಚಿನ ಕೆಳಗೆ ಇಳಿಸಿ, ಆಮೇಲೆ ಲಾಕ್ ಹಾಕಿ. ಮುಂಚೆಯೇ ಹಾಕಿದರೆ ಟೋಪಿ ಅದನ್ನು ಕೆಳಕ್ಕೆ ತಳ್ಳಿಬಿಡುತ್ತದೆ, ಆಮೇಲೆ ನೀಲಿ ಹೊಗೆ ಯಾಕೆ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಸ್ಪಾರ್ಕ್ ಪ್ಲಗ್ ಹಾಕಿ, ಹೆಡ್ಡನ್ನು ತಲೆಕೆಳಗಿಟ್ಟು, ನಾಲ್ಕೂ ಚೇಂಬರಿಗೆ ಸೀಮೆಎಣ್ಣೆ ತುಂಬಿ ಕಾಲು ಗಂಟೆ ಬಿಡಿ. ಟಾರ್ಚ್ ಹಾಕಿ ಪೋರ್ಟುಗಳೊಳಗೆ (ಗಾಳಿ, ಹೊಗೆ ಹಾಯುವ ದಾರಿಗಳೊಳಗೆ) ನೋಡಿ. ಒಣಗಿದ್ದರೆ ನಿಮ್ಮ ಕೆಲಸ ಸರಿಯಾಗಿದೆ.

ಗ್ಯಾಸ್ಕೆಟ್ಟಿನ ಮೇಲೆ ಯಾವ ಕಡೆ ಮೇಲೆ ಅಂತ ಬರೆದಿರುತ್ತದೆ, ನೋಡಿ ಹಾಕಿ. ಅದಕ್ಕೆ ಗೋಂದು, ಸೀಲರ್ ಏನೂ ಬೇಡ. ರೇಡಿಯೇಟರಿಗೆ ಸುರಿಯುವ ಲೀಕ್ ನಿಲ್ಲಿಸುವ ಪುಡಿಯನ್ನು 'ಇರಲಿ ಅಂತ' ಹಾಕುವವರೂ ಇದ್ದಾರೆ. ಅದು ಹೀಟರ್ ಕಟ್ಟುವುದಕ್ಕೆ ಸರಿ.

ಸ್ಟಡ್ಡುಗಳಿಗೆ ಒಂದಿಷ್ಟು ಆಯಿಲ್ ಸವರಿ. ಪುಶ್‌ರಾಡ್‌ಗಳು ಟ್ಯಾಪೆಟ್ಟಿನ ಬಟ್ಟಲಲ್ಲೇ ಕೂತಿವೆ ಅಂತ ಖಾತ್ರಿ ಮಾಡಿಕೊಂಡು ರಾಕರ್ ಶಾಫ್ಟ್ ಕೂರಿಸಿ. ಹನ್ನೊಂದು ನಟ್ಟನ್ನೂ ನಡುವಿನಿಂದ ಶುರುಮಾಡಿ ಸುತ್ತುತ್ತಾ ಹೊರಕ್ಕೆ ಹೋಗಿ. ಮೂರು ಸುತ್ತಿನಲ್ಲಿ, ಟಾರ್ಕ್ ವ್ರೆಂಚ್‌ನಲ್ಲಿ 45ರಿಂದ 50 ಪೌಂಡ್-ಅಡಿಗೆ, ಅಂದರೆ 61ರಿಂದ 68 ನ್ಯೂಟನ್ ಮೀಟರಿಗೆ ತನ್ನಿ. 'ನನ್ನ ಕೈಗೆ ಅಂದಾಜಿದೆ' ಅನ್ನುವವರಿಗೆ ವ್ರೆಂಚ್ ಕೊಡಬೇಡಿ.

ಟ್ಯಾಪೆಟ್ ಗ್ಯಾಪಿಗೆ (ರಾಕರಿಗೂ ಸ್ಟೆಮ್ಮಿನ ತುದಿಗೂ ನಡುವಿನ ಸಂದಿಗೆ) ಒಂಬತ್ತರ ಲೆಕ್ಕ. 8ನೇ ವಾಲ್ವ್ ಪೂರ್ತಿ ಒತ್ತಿಕೊಂಡಿದ್ದಾಗ 1ನ್ನು ಅಳೆಯಿರಿ, 6 ಒತ್ತಿಕೊಂಡಿದ್ದಾಗ 3ನ್ನು. ಎರಡೂ ಕೂಡಿದರೆ 9 ಬರಬೇಕು, ಅಷ್ಟೇ. ಗ್ಯಾಪ್ 0.015 ಇಂಚು, ಅಂದರೆ 0.38 ಮಿ.ಮೀ. ನಿಮ್ಮ ಮಾಡೆಲ್ಲಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಕೇಳಿ.

ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟ್ ತುಂಬಿ. ಪ್ಲಗ್ ತೆಗೆದು, ರಾಕರ್‌ಗಳ ಮೇಲೆ ಆಯಿಲ್ ಜಿನುಗುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ, ರಾತ್ರಿಯಿಡೀ ತಣ್ಣಗಾಗಲಿ. ಬೆಳಿಗ್ಗೆ ನಟ್ಟುಗಳನ್ನು ಅದೇ ಕ್ರಮದಲ್ಲಿ, ಒಂದೊಂದನ್ನೇ ಸ್ವಲ್ಪ ಸಡಿಲಿಸಿ ಮತ್ತೆ ಟಾರ್ಕಿಗೆ ತನ್ನಿ. ಹೆಡ್ಡು ಕೆಳಗೆ ಕೂತರೆ ಗ್ಯಾಪ್ ಬದಲಾಗುತ್ತದೆ, ಆದ್ದರಿಂದ ಟ್ಯಾಪೆಟ್ ಇನ್ನೊಮ್ಮೆ ನೋಡಲೇಬೇಕು. ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ಟನ್ನು ಕವರಿಗೆ ಮಾತ್ರ ಅಂಟಿಸಿ ಅಂತ ನಾನು ಹೇಳುವುದು ಇದಕ್ಕೇ. ಹೆಡ್ಡಿಗೂ ಅಂಟಿಸಿದರೆ ಮಾರನೇ ದಿನವೇ ಅದನ್ನು ಚೂರುಚೂರಾಗಿ ಕೆರೆಯುತ್ತಾ ಕೂರುತ್ತೀರಿ.