ಎಸ್‌ಎಸ್‌ಡಿ ಹಾಕಿಸದೆ ಅಂಗಡಿಯ ಹಳೇ ಕಂಪ್ಯೂಟರ್ ಚುರುಕು ಮಾಡಿದ್ದು

ತೀರ್ಥಹಳ್ಳಿಯ ನನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಈಗ ಆನ್ ಮಾಡಿದ ಒಂದೂವರೆ ನಿಮಿಷಕ್ಕೆಲ್ಲ ಪಹಣಿ ತೆಗೆಯಲು ತಯಾರಿರುತ್ತದೆ. ಮೊದಲು ಆರೇಳು ನಿಮಿಷ ಹಿಡಿಯುತ್ತಿತ್ತು. ಅದೇ ಹಳೇ ಹಾರ್ಡ್ ಡಿಸ್ಕ್, ಅದೇ ಐ3 ಪ್ರೊಸೆಸರ್, ಅದೇ ವಿಂಡೋಸ್ 10. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಎಷ್ಟೋ ವೇಗದ ಡಿಸ್ಕ್) ಹಾಕದೆ ಏನೂ ಆಗಲ್ಲ ಎಂದವರೆಲ್ಲ ಬಂದು ನೋಡಿಕೊಂಡು ಹೋಗಿದ್ದಾರೆ. ಒಬ್ಬರಂತೂ ನಾನು ಕದ್ದು ಡಿಸ್ಕ್ ಬದಲಿಸಿದ್ದೇನೆ ಅಂತ ಕ್ಯಾಬಿನೆಟ್ ಬಿಚ್ಚಿಸಿಯೇ ನೋಡಿದರು.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ದಿನಕ್ಕೆ ನಾಲ್ಕೈದು ಸಲ ಹೋಗುವ ಊರು ನಮ್ಮದು. ನನ್ನ ಯುಪಿಎಸ್ ಹತ್ತು ನಿಮಿಷ ತಡೆದರೆ ಜಾಸ್ತಿ. ಫಾಸ್ಟ್ ಸ್ಟಾರ್ಟಪ್ ಇದೆಯಲ್ಲ ಎನ್ನುತ್ತಾರೆ. ಅದು ಸರಿಯಾಗಿ ಶಟ್‌ಡೌನ್ ಮಾಡುವಾಗ ಬರೆದಿಟ್ಟ ಫೈಲಿನಿಂದ ಏಳುವ ಏರ್ಪಾಡು. ದಿಢೀರ್ ಅಂತ ಆಫ್ ಆದರೆ ಆ ಫೈಲನ್ನು ಬರೆದೇ ಇರುವುದಿಲ್ಲ, ಪೂರ್ತಿ ಬೂಟ್ ಆಗಲೇಬೇಕು, ಅಂದರೆ ಮೊದಲಿನಿಂದ ಏಳಬೇಕು. ಬೆಳೆ ವಿಮೆಗೆ ಕೊನೇ ದಿನ ಅಂತ ಆಗುಂಬೆ, ಮೇಗರವಳ್ಳಿ ಕಡೆಯಿಂದ ಬಂದವರು ಒದ್ದೆ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. "ಬಸ್ ಬರ್ತದೆ ಮಾರಾಯ್ರೆ, ಆಯ್ತಾ?" ಡೆಸ್ಕ್‌ಟಾಪ್ ಬಂದರೂ ಡಿಸ್ಕ್ ನೂರು ಪರ್ಸೆಂಟಿನಲ್ಲೇ ನಿಂತು ಮೌಸ್ ಅಲ್ಲಾಡುವುದಿಲ್ಲ. ಅಷ್ಟರಲ್ಲಿ ಅವರು ಪಕ್ಕದ ಅಂಗಡಿಗೆ ಹೋಗಿರುತ್ತಾರೆ.

ದುಡ್ಡು ಸುರಿದಿದ್ದೂ ಕಡಿಮೆಯಲ್ಲ. ಮೊದಲು ನಾಲ್ಕು ಜಿಬಿ ರ‍್ಯಾಮ್ ಇತ್ತು. ಸೆಕೆಂಡ್ ಹ್ಯಾಂಡ್ ಡಿಡಿಆರ್3 ಒಂದು ಕಡ್ಡಿ ತಂದು ಹಾಕಿದೆ, ಸಾವಿರದ ಇನ್ನೂರೋ ಏನೋ ಆಯಿತು. ಬ್ರೌಸರ್ ಟ್ಯಾಬ್‌ಗಳು ಸ್ವಲ್ಪ ಹಗುರಾದವು, ಬೂಟ್ ಮಾತ್ರ ಹಾಗೇ. ಆಮೇಲೆ 'ಸ್ಪೀಡ್ ಮಾಡುತ್ತೇವೆ' ಎನ್ನುವ ಒಂದು ಕ್ಲೀನರ್ ಪ್ರೋಗ್ರಾಂ, ವರ್ಷಕ್ಕೆ ಒಂಬೈನೂರರ ಹತ್ತಿರ. ಅದೇ ಹೋಗಿ ಸ್ಟಾರ್ಟಪ್‌ನಲ್ಲಿ, ಅಂದರೆ ಕಂಪ್ಯೂಟರ್ ಜೊತೆಗೇ ಏಳುವ ಪ್ರೋಗ್ರಾಂಗಳ ಪಟ್ಟಿಯಲ್ಲಿ, ಕೂತಿತು! ಶಿವಮೊಗ್ಗಕ್ಕೆ ಒಯ್ದು ಫಾರ್ಮ್ಯಾಟ್ ಮಾಡಿಸಿದರೆ ಐನೂರು, ಜೊತೆಗೆ ಓಡಾಟದ ಖರ್ಚು, ಒಂದು ದಿನದ ವ್ಯಾಪಾರವೂ ಹೋಯಿತು. ಎರಡು ತಿಂಗಳು ಚೆನ್ನಾಗಿ ಓಡುತ್ತದೆ. ಮತ್ತೆ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿ ಟೋಕನ್ನಿನ ಸಿಡಿಗಳನ್ನೆಲ್ಲ ಹಾಕಿದ ಮೇಲೆ ಅದೇ ಕಥೆ. ಕೊನೆಗೆ ಆ ರಿಪೇರಿ ಅಂಗಡಿಯವರು, "ಸುಮ್ನೆ ಟೈಮ್ ಹಾಳು ಮಾಡ್ಬೇಡಿ, ಎಸ್‌ಎಸ್‌ಡಿ ಹಾಕ್ಸಿ, ಇಲ್ಲಾಂದ್ರೆ ಹೊಸದೇ ತಗೊಳ್ಳಿ" ಅಂದರು. ಹೊಸದಕ್ಕೆ ಮೂವತ್ತೈದು ಸಾವಿರದ ಲೆಕ್ಕ. ಎಸ್‌ಎಸ್‌ಡಿ ಒಳ್ಳೆಯದೇ, ನನಗೇನೂ ಜಗಳವಿಲ್ಲ. ಆದರೆ ಬೇಡದ ಪ್ರೋಗ್ರಾಂಗಳನ್ನು ಒಳಗಿಟ್ಟುಕೊಂಡು ಡಿಸ್ಕ್ ಬದಲಿಸಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಟ್ಯಾಬ್ ಎಲ್ಲರಿಗೂ ಗೊತ್ತು. ಅಲ್ಲಿ ಡಿಸೇಬಲ್ ಮಾಡಿ ಸುಮ್ಮನಾಗುತ್ತೀರಲ್ಲ, ತೊಂದರೆ ಅಲ್ಲೇ ಇರುವುದು. ನನ್ನ ಸ್ಕ್ಯಾನರಿನ ಸಹಾಯಕ ಪ್ರೋಗ್ರಾಂ ಒಂದನ್ನು ಅಲ್ಲಿ ಎಷ್ಟು ಸಲ ನಿಲ್ಲಿಸಿದರೂ ಬೆಳಿಗ್ಗೆ ಗಡಿಯಾರದ ಪಕ್ಕ ಅದರ ನೀಲಿ ಚುಕ್ಕಿ ಹಾಜರು. ಮೈಕ್ರೋಸಾಫ್ಟಿನವರೇ ಪುಕ್ಕಟೆ ಕೊಡುವ ಆಟೋರನ್ಸ್ (ತಾನಾಗಿ ಏಳುವುದನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಟೂಲ್) ತೆರೆದಾಗ ಗುಟ್ಟು ಸಿಕ್ಕಿತು. ಅದು ಷೆಡ್ಯೂಲ್ಡ್ ಟಾಸ್ಕ್‌ನಲ್ಲಿ ಅಡಗಿತ್ತು, ಲಾಗಿನ್ ಆದ ಕೂಡಲೇ ಏಳುವ ಹಾಗೆ. ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿ ನೋಡಿದರೆ ಉಳಿದವು ಮೂವತ್ತರ ಮೇಲಿದ್ದವು. ಟೋನರ್ ಎಷ್ಟಿದೆ ಎಂದು ಹೇಳುವುದೊಂದು, ನಾಲ್ಕೈದು ಅಪ್‌ಡೇಟರ್‌ಗಳು, ನಾನು ಮಾರಿಬಿಟ್ಟ ಪ್ರಿಂಟರಿನದೂ ಒಂದು. ಯಾವುದನ್ನೂ ಡಿಲೀಟ್ ಮಾಡಲಿಲ್ಲ, ಟಿಕ್ ಮಾತ್ರ ತೆಗೆದೆ. ಎರಡು ಮೂರು ತೆಗೆದು ರೀಸ್ಟಾರ್ಟ್, ಒಂದು ಪ್ರಿಂಟ್, ಒಂದು ಸ್ಕ್ಯಾನ್. ಸರಿಯಿದ್ದರೆ ಮುಂದಿನದು.

ನಮ್ಮಂಥ ಕೆಲಸ ಮಾಡುವವರು ಇಲ್ಲಿ ಹುಷಾರಾಗಿರಬೇಕು. ಆಧಾರ್‌ಗೆ ಬೆರಳ ಗುರುತು ಹಿಡಿಯುವ ಯಂತ್ರವನ್ನು ನಡೆಸುವ ಆರ್‌ಡಿ ಸರ್ವಿಸ್ ಕೂಡ ಅದೇ ಪಟ್ಟಿಯಲ್ಲಿರುತ್ತದೆ, ಏಕೆಂದರೆ ಅದು ಮೈಕ್ರೋಸಾಫ್ಟಿನದಲ್ಲ. ವಿಂಡೋಸಿನದೇ ಎಂಎಸ್‌ಕಾನ್ಫಿಗ್ ಟೂಲಿನಲ್ಲಿ 'ಡಿಸೇಬಲ್ ಆಲ್' ಒತ್ತಿದರೆ ಅದೂ ಮಲಗುತ್ತದೆ, ಆಧಾರ್ ಬೆರಳು ಹಿಡಿಯುವುದಿಲ್ಲ. ಡಿಜಿಟಲ್ ಸಹಿ ಟೋಕನ್ನಿನದೂ ಹಾಗೆಯೇ. ಇವೆರಡನ್ನೂ ಮುಟ್ಟಲಿಲ್ಲ. ಕನ್ನಡ ಅರ್ಜಿ ಟೈಪ್ ಮಾಡಲು ನುಡಿ ತಂತ್ರಾಂಶ ಬೇಕು, ಅದೂ ಉಳಿಯಿತು.

ಅತಿ ಹೆಚ್ಚು ಫಲ ಕೊಟ್ಟಿದ್ದು ಅವಧಿ ಮುಗಿದ ಆಂಟಿವೈರಸ್ ಕಿತ್ತಿದ್ದು. ದುಡ್ಡು ಕಟ್ಟದಿದ್ದರೂ ಅದು ಹಿಂದೆ ಓಡುತ್ತಲೇ ಇತ್ತು. ಮಾಮೂಲಿ ಅನ್‌ಇನ್‌ಸ್ಟಾಲ್‌ಗೆ ಬಗ್ಗಲಿಲ್ಲ, ಆ ಕಂಪನಿಯದೇ ತೆಗೆಯುವ ಟೂಲ್ ಬೇಕಾಯಿತು. ಅದು ಹೋದ ಮೇಲೆ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ತಾನಾಗಿ ಆನ್ ಆಯಿತು. ಬೂಟ್‌ನಲ್ಲಿ ಎರಡು ನಿಮಿಷ ಅಲ್ಲೇ ಉಳಿತಾಯವಾಯಿತು.

ಕುತೂಹಲಕ್ಕೆ ಸಿಸ್‌ಮೇನ್ ಕೂಡ ನಿಲ್ಲಿಸಿ ನೋಡಿದೆ, ಹಿಂದೆ ಸೂಪರ್‌ಫೆಚ್ ಅನ್ನುತ್ತಿದ್ದದ್ದು, ಹೆಚ್ಚು ಬಳಸುವ ಪ್ರೋಗ್ರಾಂಗಳನ್ನು ಮೊದಲೇ ಮೆಮೊರಿಗೆ ತಂದಿಡುವ ಸರ್ವಿಸ್. ಅಂಗಡಿಯ ಯಂತ್ರದಲ್ಲಿ ಡಿಸ್ಕ್ ತಣ್ಣಗಾಯಿತು. ಮನೆಯದರಲ್ಲಿ ವರ್ಡ್ ತೆರೆಯುವುದೇ ನಿಧಾನವಾಯಿತು, ವಾಪಸ್ ಆನ್ ಮಾಡಿದೆ. ಹಾಗಾಗಿ ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಹುಡುಕಲು ಸುಲಭವಾಗಲಿ ಅಂತ ಫೈಲುಗಳ ಪಟ್ಟಿ ಮಾಡುತ್ತಿರುವ ವಿಂಡೋಸ್ ಸರ್ಚ್ ಇಂಡೆಕ್ಸಿಂಗ್ ನಿಲ್ಲಿಸಿದ್ದು ಮಾತ್ರ ಲಾಭವೇ, ನನ್ನ ಫೈಲುಗಳು ಊರುವಾರು ಫೋಲ್ಡರಿನಲ್ಲಿರುತ್ತವೆ, ಹುಡುಕುವ ಪ್ರಮೇಯವೇ ಇಲ್ಲ. ಮಗನ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ, ಹಾರಾಡಿತು. ಅಂಗಡಿಗೆ ಆಗುವುದಿಲ್ಲ, ನುಡಿಗೂ ನಮ್ಮ ಯಂತ್ರಗಳಿಗೂ ವಿಂಡೋಸೇ ಬೇಕು.

ಸುಮ್ಮನಿದ್ದಾಗ ನೂರಾ ಅರವತ್ತರ ಆಸುಪಾಸು ಓಡುತ್ತಿದ್ದ ಪ್ರೊಸೆಸ್‌ಗಳು ಈಗ ನೂರರ ಒಳಗಿವೆ. ಉಳಿದ ಸರ್ವಿಸ್‌ಗಳಲ್ಲಿ ಯಾವುದನ್ನು ತಡವಾಗಿ ಏಳುವಂತೆ ಡಿಲೇಡ್ ಸ್ಟಾರ್ಟ್‌ಗೆ ಹಾಕಿದೆ, ಯಾವುದರ ಹಿಂದೆ ಯಾವುದು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕೊಪ್ಪ, ಹೊಸನಗರದಿಂದಲೂ ಈಗ ಕಂಪ್ಯೂಟರ್ ತರುತ್ತಾರೆ, ಒಂದಕ್ಕೆ ಮುನ್ನೂರು ತಗೊಳ್ಳುತ್ತೇನೆ, ಆ ದುಡಿಮೆ ಅದರಲ್ಲಿದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ (ಭದ್ರತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಆದ್ದರಿಂದ ವೇಗದ ಆಸೆಗೆ ಡಿಫೆಂಡರ್ ನಿಲ್ಲಿಸುವವರ ಮಾತು ಕೇಳಬೇಡಿ. ಇನ್ನು ಕೆಲಸ ಶುರು ಮಾಡುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪ್ರೋಗ್ರಾಂನಲ್ಲಿ ಡಿಸ್ಕಿನ ಆರೋಗ್ಯ ನೋಡಿ. 'ಕಾಷನ್' ಅಂತ ಹಳದಿ ತೋರಿಸಿದರೆ ಮೊದಲು ಗಿರಾಕಿಗಳ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಅಂಥ ಯಂತ್ರ ಬಂದರೆ ನಾನು ಮುನ್ನೂರು ತಗೊಳ್ಳುವುದಿಲ್ಲ, ಡಿಸ್ಕ್ ಬದಲಿಸಿ ಎಂದು ವಾಪಸ್ ಕಳಿಸುತ್ತೇನೆ.